ಮೂರನೇ ಹಂತದ ಹಿಮಕುಸಿತ ಎಚ್ಚರಿಕೆ ಇರುವಾಗ, ಬೇರೆಯವರು ಸ್ಕೀ ಮಾಡಿದ ಇಳಿಜಾರಿಗೆ ಹೋಗಬಹುದೇ?

ಹಿಮ ಬೀಳುವುದು ನಿಂತು ಎರಡು ದಿನವಾಗಿದೆ, ಬಿಸಿಲು ಬಂದಿದೆ, ಇಳಿಜಾರಿನಲ್ಲಿ ಆಗಲೇ ನಾಲ್ಕೈದು ಜನ ಇಳಿದ ಗುರುತಿದೆ, ಮುನ್ಸೂಚನೆ ಮಾತ್ರ ಮೂರನೇ ಹಂತ ಎನ್ನುತ್ತಿದೆ, ಹೋಗಬಹುದೇ ಎಂದು ಕೇಳಿದ್ದೀರಿ. ಆ ಇಳಿಜಾರಿಗೆ ನಾನಂತೂ ಹೋಗುವುದಿಲ್ಲ. ಹಾಗೆಂದು ಆ ದಿನ ಬೆಟ್ಟಕ್ಕೇ ಹೋಗಬೇಡಿ ಎನ್ನುವುದೂ ಇಲ್ಲ.

ಮೊದಲು ಆ ಗುರುತುಗಳ ಮಾತು. ಹಿಮರಾಶಿಯ ಒಳಗಿನ ದುರ್ಬಲ ಪದರ, ಅಂದರೆ ಮುರಿದರೆ ಮೇಲಿನ ಹಿಮವನ್ನು ಜಾರಿಸಿಬಿಡುವ ಸಡಿಲ ಪದರ, ಎಲ್ಲ ಕಡೆ ಒಂದೇ ಆಳದಲ್ಲಿ ಇರುವುದಿಲ್ಲ. ಮೇಲಿನ ಹಿಮ ದಪ್ಪಗಿರುವಲ್ಲಿ ಐದು ಜನ ಇಳಿದರೂ ಅವರ ಭಾರ ಆ ಪದರವನ್ನು ತಟ್ಟದೇ ಹೋಗಬಹುದು. ಆರನೆಯವನು ಬಂಡೆಯೊಂದರ ಪಕ್ಕ, ಹಿಮ ತೆಳುವಾಗಿರುವಲ್ಲಿ ತಿರುಗಿದನೆಂದರೆ ಅಲ್ಲಿ ಹುಟ್ಟಿದ ಬಿರುಕು ಇಡೀ ಇಳಿಜಾರಿಗೆ ಹಬ್ಬಬಹುದು. ಮೊದಲ ಐವರು ಬದುಕಿದ್ದರಿಂದ ನಿಮಗೆ ಸಿಗುವ ಭರವಸೆ ಅಷ್ಟಕ್ಕಷ್ಟೇ.

ಐದು ಹಂತಗಳಲ್ಲಿ ಮೂರು ಎಂದರೆ ಮಧ್ಯಮ ಅಪಾಯ ಎಂದುಕೊಳ್ಳುವವರು ಬಹಳ. ಸ್ಕೀ ಮಾಡುವವರ ಸಾವುಗಳಲ್ಲಿ ದೊಡ್ಡ ಪಾಲು ಇದೇ ಹಂತದಲ್ಲಿ ಆಗುತ್ತದೆ. ನಾಲ್ಕು, ಐದು ಎಂದರೆ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ. ಮೂರರಲ್ಲಿ ಬೆಟ್ಟ ಸುಮ್ಮನಿರುವಂತೆ ಕಾಣುತ್ತದೆ, ಆದರೆ ಮನುಷ್ಯನ ಭಾರವೇ ಕುಸಿತಕ್ಕೆ ಸಾಕಾಗುತ್ತದೆ. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರ ಮೇಲೆ ಉರುಳಿದ್ದು ಅವರೇ ಅಥವಾ ಅವರ ಗುಂಪಿನವರೇ ಕದಲಿಸಿದ ಹಿಮ.

ಎರಡು ದಿನ ಕಳೆಯಿತು ಎಂಬ ಸಮಾಧಾನವೂ ಕೆಳಗೆ ಏನಿದೆ ಎಂಬುದನ್ನು ಅವಲಂಬಿಸಿದೆ. ಹೊಸ ಹಿಮದ ಸಮಸ್ಯೆ ಮಾತ್ರವಾದರೆ ಒಂದೆರಡು ದಿನದಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಚಳಿಗಾಲದ ಆರಂಭದಲ್ಲಿ ಹಿಮ ತೆಳುವಾಗಿದ್ದು, ರಾತ್ರಿಗಳು ತಿಳಿಯಾಗಿ ಕೊರೆಯುತ್ತಿದ್ದರೆ ಕಥೆ ಬೇರೆ. ನೆಲದ ಬಳಿ ಉಷ್ಣಾಂಶ ಸೊನ್ನೆಯ ಆಸುಪಾಸು, ಮೇಲ್ಮೈಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಈ ವ್ಯತ್ಯಾಸದಿಂದ ಆವಿ ಮೇಲಕ್ಕೆ ಸರಿದು, ಕಣಗಳು ಮೂಲೆಮೂಲೆಯಾದ ಹರಳುಗಳಾಗುತ್ತವೆ. ಗುಂಡಿ ತೋಡಿ ಬುಡದ ಹಿಮವನ್ನು ಕೈಗವಸಿನಲ್ಲಿ ಹಿಡಿದು ಒತ್ತಿ ನೋಡಿ: ಉಂಡೆ ಕಟ್ಟುವುದಿಲ್ಲ, ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿಯುತ್ತದೆ. ಇಂಥ ಪದರ ವಾರಗಟ್ಟಲೆ ಹಾಗೆಯೇ ಉಳಿಯಬಲ್ಲದು. ಹಾಗಂತ ಒಂದು ಗುಂಡಿಯಲ್ಲಿ ಕೆಟ್ಟದ್ದೇನೂ ಕಾಣಲಿಲ್ಲವೆಂದು ಇಡೀ ಇಳಿಜಾರಿಗೆ ಪ್ರಮಾಣಪತ್ರ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗುಂಡಿ ‘ಬೇಡ’ ಎಂದರೆ ನಂಬಿ, ‘ಸರಿ’ ಎಂದರೆ ನಂಬಬೇಡಿ.

ಗಾಳಿಯನ್ನೂ ಮರೆಯಬೇಡಿ. ಆಕಾಶದಿಂದ ಒಂದು ಚಕ್ಕೆ ಬೀಳದಿದ್ದರೂ ಅದು ಏಣಿನ ಆಚೆ ಬದಿಗೆ ಹಿಮವನ್ನು ಹೊತ್ತು ಸುರಿಯುತ್ತದೆ. ನಡೆಯುವಾಗ ಕಾಲಡಿ ‘ಧುಮ್’ ಎಂದು ಹಿಮ ಕುಸಿದು ಕೂತರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಎದುರು ಬೆಟ್ಟದಲ್ಲಿ ಹೊಸ ಕುಸಿತ ಕಂಡರೆ ಚರ್ಚೆ ಮುಗಿದಂತೆ.

ನನ್ನ ಸಲಹೆ: 30 ಡಿಗ್ರಿಗಿಂತ ಕಡಿಮೆ ಇಳಿಜಾರಿನಲ್ಲಿಯೇ ಇರಿ, ಅದರ ಮೇಲ್ಗಡೆಯೂ ಕಡಿದಾದ ಜಾಗವಿರಬಾರದು. ಗಟ್ಟಿ ಹಲಗೆಯಂತೆ ಒಡೆದು ಜಾರುವ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ನಡುವೆ ಆಗುತ್ತವೆ. ಕಣ್ಣಳತೆ ಮೋಸ ಮಾಡುತ್ತದೆ, ಮೊಬೈಲಿನ ಕೋನಮಾಪಕದಿಂದ ಅಳೆಯಿರಿ. ಪ್ರತಿಯೊಬ್ಬರ ಬಳಿಯೂ ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಮತ್ತು ಸಲಿಕೆ ಇರಲಿ, ಬಳಸಿ ರೂಢಿಯಿರಲಿ. ಪೂರ್ತಿ ಹೂತವರು ಬದುಕುವ ಸಾಧ್ಯತೆ ಮೊದಲ ಹದಿನೈದು ನಿಮಿಷದೊಳಗೇ ಕಡಿದಾಗಿ ಇಳಿಯತೊಡಗುತ್ತದೆ, ಅಷ್ಟರಲ್ಲಿ ಹೊರಗಿನ ನೆರವು ಬರುವುದು ಅಪರೂಪ. ವಿಶ್ರಾಂತಿಗೆ ನಿಲ್ಲುವಾಗ ಇಳಿಜಾರಿನ ಬುಡದಲ್ಲಿ ಗುಂಪುಗೂಡಬೇಡಿ. ಮೇಲಿನ ಹಿಮವನ್ನು ದೂರದಿಂದಲೂ, ಕೆಳಗಿನಿಂದಲೂ ಕದಲಿಸಿಬಿಡಬಹುದು.