ಸ್ಕೌಟ್ ಮಾಸ್ಟರ್‌ಗಳ ಬೇಸಿಕ್ ಕೋರ್ಸ್: ತರಬೇತುದಾರರ ತಂಡವನ್ನು ಆರಿಸುವುದು, ನಡೆಸುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನಾನು ಪ್ರೌಢಶಾಲಾ ಶಿಕ್ಷಕ. ಹಿಮಾಲಯ ವುಡ್ ಬ್ಯಾಡ್ಜ್ (ಸ್ಕೌಟ್ ನಾಯಕರ ಉನ್ನತ ತರಬೇತಿಯ ಅರ್ಹತೆ, ಕೊರಳ ಮಣಿಗಳು ಇದರ ಗುರುತು) ಪಡೆದು, ಕೆಲವು ವರ್ಷ ಸಹಾಯಕ ತರಬೇತುದಾರನಾಗಿ ದುಡಿದು, ಈಗ ಲೀಡರ್ ಟ್ರೈನರ್, ಅಂದರೆ ಕೋರ್ಸ್ ನಡೆಸಬಲ್ಲ ಹಿರಿಯ ತರಬೇತುದಾರ ಆಗಿದ್ದೇನೆ. ಶಾಲೆಗಳಲ್ಲಿ ಸ್ಕೌಟ್ ದಳ ನಡೆಸುವ ಶಿಕ್ಷಕರಿಗಾಗಿ ಇರುವ ಏಳು ದಿನಗಳ ಬೇಸಿಕ್ ಕೋರ್ಸೊಂದರ ನಾಯಕತ್ವ ಮೊದಲ ಬಾರಿಗೆ ನನ್ನ ಪಾಲಿಗೆ ಬಂದಿದ್ದು, 32 ಶಿಬಿರಾರ್ಥಿಗಳು ಬರಲಿದ್ದಾರೆ. ತಂಡಕ್ಕೆ ಹೆಸರು ಸೂಚಿಸಲು ನನಗೇ ಹೇಳಿದ್ದಾರೆ. ನನಗೆ ಕಲಿಸಿದ ಹಿರಿಯರಿಬ್ಬರನ್ನು ಬಿಡುವಂತಿಲ್ಲ. ಗೆಳೆಯರು ಕೆಲವರು ತಾವೂ ಬರುತ್ತೇವೆ ಎನ್ನುತ್ತಿದ್ದಾರೆ. ಯಾರನ್ನು ಆರಿಸಲಿ? ಹಿರಿಯರ ಮುಂದೆ ನಾಯಕನಾಗಿ ಹೇಗೆ ನಡೆದುಕೊಳ್ಳಲಿ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಹೆಸರುಗಳನ್ನು ಬರೆಯುವ ಮೊದಲು ಕೆಲಸಗಳನ್ನು ಬರೆದುಕೊಳ್ಳಿ. 32 ಮಂದಿ ಎಂದರೆ ಎಂಟೆಂಟು ಜನರ ನಾಲ್ಕು ಪ್ಯಾಟ್ರೋಲ್ (ದಳದೊಳಗಿನ ಚಿಕ್ಕ ಗುಂಪು). ಪ್ರತಿಯೊಂದರ ಬೆನ್ನಿಗೆ ಒಬ್ಬ ಸಲಹೆಗಾರ, ಉಗ್ರಾಣ ಮತ್ತು ಅಡುಗೆಮನೆಯ ಹೊಣೆಗೆ ಒಬ್ಬ ಕ್ವಾರ್ಟರ್ ಮಾಸ್ಟರ್, ಮೇಲೆ ನೀವು. ಇಷ್ಟು ಜನ ಸಾಕು. ಇದಕ್ಕಿಂತ ದೊಡ್ಡ ತಂಡವಾದರೆ, ಪಾಠ ಮಾಡುವ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವುದನ್ನು ಶಿಬಿರಾರ್ಥಿಗಳು ಮೊದಲ ದಿನವೇ ಗಮನಿಸುತ್ತಾರೆ.

ಯಾರ ಕೊರಳಲ್ಲಿ ಎಷ್ಟು ಮಣಿಗಳಿವೆ ಎಂಬುದನ್ನು ನೋಡಿ ಆರಿಸಬೇಡಿ. ವುಡ್ ಬ್ಯಾಡ್ಜ್ ಪಡೆದವರಿಗೆ ಎರಡು, ಸಹಾಯಕ ಲೀಡರ್ ಟ್ರೈನರ್‌ಗೆ ಮೂರು, ಲೀಡರ್ ಟ್ರೈನರ್‌ಗೆ ನಾಲ್ಕು ಎಂಬ ಲೆಕ್ಕವು ವ್ಯಕ್ತಿ ಪಡೆದ ತರಬೇತಿ ಮತ್ತು ಅಧಿಕಾರವನ್ನು ಹೇಳುತ್ತದೆಯೇ ಹೊರತು, ಅವರು ಹಗ್ಗದ ಕೆಲಸವನ್ನು ಚೆನ್ನಾಗಿ ಕಲಿಸುತ್ತಾರೆಯೇ, ರಾತ್ರಿ ಹನ್ನೊಂದಕ್ಕೆ ಜ್ವರ ಬಂದ ಶಿಬಿರಾರ್ಥಿಯ ಬಳಿ ಕೂರುತ್ತಾರೆಯೇ ಎಂಬುದನ್ನು ಹೇಳುವುದಿಲ್ಲ. ಪಯೋನಿಯರಿಂಗ್‌ನಲ್ಲಿ (ಹಗ್ಗ, ಕಂಬಗಳಿಂದ ಕಟ್ಟುವ ಕೆಲಸ) ಕೈ ಪಳಗಿದವರು ಒಬ್ಬರು, ಪ್ರಥಮ ಚಿಕಿತ್ಸೆ ಬಲ್ಲವರು ಒಬ್ಬರು, ಹಾಡು-ಆಟಗಳಿಂದ ಶಿಬಿರಾಗ್ನಿಯನ್ನು ಕಳೆಗಟ್ಟಿಸುವವರು ಒಬ್ಬರು, ಇಂದಿಗೂ ಶಾಲೆಯಲ್ಲಿ ದಳವನ್ನು ವಾರವಾರವೂ ನಡೆಸುತ್ತಿರುವವರು ಒಬ್ಬರಾದರೂ ಇರಲಿ. ಈ ಕೊನೆಯ ಅರ್ಹತೆಗೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಮಕ್ಕಳೊಂದಿಗಿನ ಒಡನಾಟ ತಪ್ಪಿ ವರ್ಷಗಳಾದ ತರಬೇತುದಾರರ ಮಾತು ಎಷ್ಟು ಸೊಗಸಾಗಿದ್ದರೂ, ‘ನಮ್ಮ ಶಾಲೆಯಲ್ಲಿ ಸ್ಕೌಟಿಂಗ್‌ಗೆ ಪೀರಿಯಡ್ಡೇ ಸಿಗುವುದಿಲ್ಲ, ಏನು ಮಾಡಲಿ ಸರ್?’ ಎಂಬ ಪ್ರಶ್ನೆ ಎದುರಾದಾಗ ಅವರ ಬಳಿ ಕೆಲಸಕ್ಕೆ ಬರುವ ಉತ್ತರ ಇರುವುದಿಲ್ಲ. ಈಚೆಗೆ ಮಣಿ ಪಡೆದ ಕಿರಿಯರೊಬ್ಬರನ್ನೂ ಸೇರಿಸಿಕೊಂಡು, ಅವರಿಗೆ ಒಂದೇ ಒಂದು ಅವಧಿಯ ಪೂರ್ಣ ಹೊಣೆ ಕೊಡಿ. ಗೆಳೆಯರಲ್ಲಿ ಈ ಕೆಲಸಗಳಿಗೆ ಹೊಂದುವವರಿದ್ದರೆ ಕರೆಯಿರಿ, ಇಲ್ಲವಾದರೆ ಮುಂದಿನ ಸಲಕ್ಕೆ ಎಂದುಬಿಡಿ. ಕ್ವಾರ್ಟರ್ ಮಾಸ್ಟರ್ ಆಯ್ಕೆಯಲ್ಲಿ ಮಾತ್ರ ಯಾವ ದಾಕ್ಷಿಣ್ಯವೂ ಬೇಡ. ಮಧ್ಯಾಹ್ನದ ಊಟ ಒಂದು ಗಂಟೆ ತಡವಾದರೆ ಅಂದಿನ ವೇಳಾಪಟ್ಟಿಯನ್ನು ಯಾವ ಲೀಡರ್ ಟ್ರೈನರೂ ಉಳಿಸಲಾರರು.

ಇನ್ನು ಹಿರಿಯರ ವಿಷಯ. ನಿಮ್ಮ ತಂಡದವರು ಯಾರೂ ಸಂಬಳಕ್ಕೆ ಬರುವವರಲ್ಲ, ರಜೆಯನ್ನೋ ಓ.ಓ.ಡಿ.ಯನ್ನೋ (ಅನ್ಯ ಕಾರ್ಯ ನಿಮಿತ್ತದ ಅನುಮತಿ) ಹೊಂದಿಸಿಕೊಂಡು ಸ್ವಂತ ಇಚ್ಛೆಯಿಂದ ಬರುವವರು. ಆದ್ದರಿಂದ ನೀವು ನಿರೀಕ್ಷಿಸುವುದನ್ನೆಲ್ಲ ಅವರು ಒಪ್ಪಿಕೊಳ್ಳುವ ಮೊದಲೇ ಹೇಳಬೇಕು: ಏಳೂ ದಿನ ಶಿಬಿರದಲ್ಲೇ ವಾಸ, ಬೆಳಗಿನ ಬಿ.ಪಿ. (ಸ್ಕೌಟಿಂಗ್ ಸ್ಥಾಪಕ ಬೇಡನ್ ಪೊವೆಲ್) ವ್ಯಾಯಾಮದಿಂದ ರಾತ್ರಿಯ ಸಿಬ್ಬಂದಿ ಸಭೆಯವರೆಗೆ ಹಾಜರಿ, ಪೂರ್ಣ ಸಮವಸ್ತ್ರ, ಶಿಬಿರಾರ್ಥಿಗಳೊಂದಿಗೇ ಊಟ. ಹಿರಿಯರಿಬ್ಬರನ್ನೂ ಫೋನಿನಲ್ಲಿ ಕರೆಯದೆ ಮನೆಗೆ ಹೋಗಿ ಕಾಣಿರಿ. ಒಬ್ಬರಿಗೆ ಅವರ ಕೈಯಲ್ಲಿ ಚೆನ್ನಾಗಿ ಮೂಡಿಬರುವ ಅವಧಿಗಳನ್ನು ನಿರ್ದಿಷ್ಟವಾಗಿ ಒಪ್ಪಿಸಿ. ಇನ್ನೊಬ್ಬರನ್ನು, ‘ನಾನು ನಡೆಸುವ ರೀತಿಯನ್ನು ನೋಡಿ, ರಾತ್ರಿ ನನಗೊಬ್ಬನಿಗೇ ಹೇಳಿ ಸರ್’ ಎಂದು ಕೇಳಿಕೊಳ್ಳಿ. ನಿಜವಾದ ಕೆಲಸ ಕೈಯಲ್ಲಿರುವ ಹಿರಿಯರು ನಾಯಕನ ಮಾತಿಗೆ ಅಡ್ಡ ಬರುವುದು ಅಪರೂಪ. ವೇದಿಕೆಯ ಮೇಲೆ ಶಾಲು ಹೊದಿಸಿ ಸುಮ್ಮನೆ ಕೂರಿಸಿದ ಹಿರಿಯರು ಮಾತ್ರ ಮೂರನೆಯ ದಿನಕ್ಕೆ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಆರಂಭಿಸುತ್ತಾರೆ. ಭಿನ್ನಾಭಿಪ್ರಾಯ ಬಂದರೆ ಸಿಬ್ಬಂದಿ ಸಭೆಯಲ್ಲಿ ಅದನ್ನು ಪೂರ್ತಿ ಕೇಳಿಸಿಕೊಂಡು, ನಿರ್ಧಾರವನ್ನು ನೀವೇ ಹೇಳಿ. ಅದು ಮರುದಿನ ಶಿಬಿರಾರ್ಥಿಗಳ ಎದುರು ಬರಕೂಡದು.

ಆ ರಾತ್ರಿ ಸಭೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 1919ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಹೊರವಲಯದ ಗಿಲ್ವೆಲ್ ಪಾರ್ಕ್‌ನಲ್ಲಿ ಫ್ರಾನ್ಸಿಸ್ ಗಿಡ್ನಿ ಅವರ ನೇತೃತ್ವದಲ್ಲಿ ಮೊದಲ ವುಡ್ ಬ್ಯಾಡ್ಜ್ ಶಿಬಿರ ನಡೆದಾಗಲೇ, ವಯಸ್ಕರನ್ನು ಪ್ಯಾಟ್ರೋಲ್‌ಗಳಾಗಿ ವಿಂಗಡಿಸಿ, ಹುಡುಗರು ಬದುಕುವಂತೆಯೇ ಶಿಬಿರದಲ್ಲಿ ಬದುಕಲು ಬಿಡಲಾಯಿತು. ಮಧ್ಯಪ್ರದೇಶದ ಪಚ್ಮಡಿಯ ರಾಷ್ಟ್ರೀಯ ತರಬೇತಿ ಕೇಂದ್ರದಲ್ಲಾಗಲಿ, ನಮ್ಮ ದೊಡ್ಡಬಳ್ಳಾಪುರ, ಕೊಂಡಜ್ಜಿಗಳಲ್ಲಾಗಲಿ ನಡೆಯುವ ಶಿಬಿರಗಳ ಬೆನ್ನೆಲುಬು ಇಂದಿಗೂ ಅದೇ. ಆದರೆ ಪ್ಯಾಟ್ರೋಲ್ ಪದ್ಧತಿಯನ್ನು ಶಿಬಿರಾರ್ಥಿಗಳು ಆ ಹೆಸರಿನ ಅವಧಿಯಲ್ಲಿ ಕಲಿಯುವುದಕ್ಕಿಂತ ಹೆಚ್ಚಾಗಿ ನಿಮ್ಮ ತಂಡವನ್ನು ನೋಡಿ ಕಲಿಯುತ್ತಾರೆ. ಎಲ್ಲ ನಿರ್ಧಾರಗಳನ್ನೂ ನೀವೊಬ್ಬರೇ ತೆಗೆದುಕೊಂಡು, ಸಲಹೆಗಾರರನ್ನು ಸೀಟಿ ಊದಲು ಮಾತ್ರ ಬಳಸಿದರೆ, ಶಿಬಿರಾರ್ಥಿಗಳು ಊರಿಗೆ ಹೋಗಿ ತಮ್ಮ ಪ್ಯಾಟ್ರೋಲ್ ಲೀಡರ್‌ಗಳನ್ನು ಹಾಗೆಯೇ ಬಳಸುತ್ತಾರೆ. ಆದ್ದರಿಂದ ಸಿಬ್ಬಂದಿ ಸಭೆಯು ಕೋರ್ಟ್ ಆಫ್ ಆನರ್‌ನ (ಪ್ಯಾಟ್ರೋಲ್ ಲೀಡರ್‌ಗಳು ಸೇರಿ ದಳದ ವಿಷಯ ತೀರ್ಮಾನಿಸುವ ಸಭೆ) ಮಾದರಿಯಲ್ಲಿ ನಡೆಯಲಿ: ಪ್ರತಿಯೊಬ್ಬ ಸಲಹೆಗಾರನೂ ತನ್ನ ಪ್ಯಾಟ್ರೋಲಿನ ಸ್ಥಿತಿ ಹೇಳಲಿ, ಮರುದಿನದ ವೇಳಾಪಟ್ಟಿಯಲ್ಲಿ ಏನು ಬದಲಾಗಬೇಕೆಂದು ಸೂಚಿಸಲಿ, ಮತ್ತು ಅವುಗಳಲ್ಲಿ ಕೆಲವಾದರೂ ಬೆಳಗಾಗುವಷ್ಟರಲ್ಲಿ ಜಾರಿಗೆ ಬರಲಿ.

ಶಿಬಿರಕ್ಕೆ ಮೊದಲು ಒಂದು ಪೂರ್ಣ ದಿನ ಅದೇ ಜಾಗದಲ್ಲಿ ತಂಡವನ್ನು ಸೇರಿಸಿ. ಪ್ರತಿಯೊಬ್ಬರೂ ತಮ್ಮ ಅವಧಿಯ ಮೊದಲ ಹತ್ತು ನಿಮಿಷವನ್ನು ಉಳಿದವರೆದುರು ನಡೆಸಿ ತೋರಿಸಲಿ. ಉಪನ್ಯಾಸ ಇಪ್ಪತ್ತು ನಿಮಿಷ ದಾಟುವಂತಿದ್ದರೆ ಅಲ್ಲಿಯೇ ಕತ್ತರಿ ಹಾಕಿ, ಉಳಿದ ಸಮಯವನ್ನು ಪ್ಯಾಟ್ರೋಲ್‌ಗಳ ಕೈಕೆಲಸಕ್ಕೆ ಬಿಡಿ.

ಪ್ರಶ್ನೆ: ನಮ್ಮ ಶಿಬಿರಗಳಿಗೆ ಬರುವ ಶಿಕ್ಷಕರಲ್ಲಿ ಅನೇಕರು ಮುಖ್ಯೋಪಾಧ್ಯಾಯರ ಆದೇಶದ ಮೇಲೆ ಮನಸ್ಸಿಲ್ಲದೆ ಬಂದವರು. ಅವರಲ್ಲಿ ಉತ್ಸಾಹ ತುಂಬುವುದು ಹೇಗೆ?
— ಓದುಗರು, ತುಮಕೂರು

ಉತ್ತರ: ಉತ್ಸಾಹ ತುಂಬಲು ಹೊರಡಬೇಡಿ, ಕೆಲಸ ಕೊಡಿ. ಮೊದಲ ಸಂಜೆಯೊಳಗೆ ಪ್ಯಾಟ್ರೋಲ್‌ನ ಹೆಸರು, ಕೂಗು, ಧ್ವಜ ಸಿದ್ಧವಾಗಿ, ಮರುದಿನದ ಪಾಳಿ ಅವರೇ ಹಂಚಿಕೊಂಡಿರಲಿ. ಪ್ಯಾಟ್ರೋಲ್ ಲೀಡರ್ ಸ್ಥಾನ ದಿನಕ್ಕೊಬ್ಬರಂತೆ ಬದಲಾಗುತ್ತಿದ್ದರೆ ಮೂಲೆಯಲ್ಲಿ ಕೂತವರ ಸರದಿಯೂ ಬಂದೇ ಬರುತ್ತದೆ. ಐವತ್ತು ದಾಟಿದ ಮೇಷ್ಟರಿಗೆ ಮಂಡಿನೋವಿದ್ದರೆ ವ್ಯಾಯಾಮ, ಹೈಕ್‌ಗಳಲ್ಲಿ ಬೇರೆ ಹೊಣೆ ಕೊಡಿ, ಆದರೆ ಹೊಣೆಯಿಂದಲೇ ಬಿಡಿಸಬೇಡಿ. ಇನ್‌ಸ್ಪೆಕ್ಷನ್ ವೇಳೆ ಗದರುವ ತರಬೇತುದಾರರು ಇಂದಿಗೂ ಇದ್ದಾರೆ. ಎರಡು ದಶಕ ಪಾಠ ಮಾಡಿದವರನ್ನು ಹಾಸಿಗೆ ಮಡಿಸಿದ್ದು ಸರಿಯಿಲ್ಲವೆಂದು ಎಲ್ಲರೆದುರು ಹೀಯಾಳಿಸುವುದು ಶಿಸ್ತು ಎಂದು ನನಗೆಂದೂ ಅನ್ನಿಸಿಲ್ಲ. ಸಲಹೆಗಾರರು ಅದನ್ನು ಬದಿಗೆ ಕರೆದು ಹೇಳಿದರೆ ಸಾಕು.

ಪ್ರಶ್ನೆ: ಗೈಡ್ ಕ್ಯಾಪ್ಟನ್‌ಗಳ (ಬಾಲಕಿಯರ ಗೈಡ್ ದಳ ನಡೆಸುವ ಶಿಕ್ಷಕಿಯರು) ಬೇಸಿಕ್ ಕೋರ್ಸ್ ಕೂಡ ನಮ್ಮ ಆವರಣದಲ್ಲೇ ಅದೇ ವಾರ ನಡೆಯಲಿದೆ. ವೆಚ್ಚ ಉಳಿಸಲು ಎರಡಕ್ಕೂ ಒಂದೇ ತಂಡ ಸಾಕಲ್ಲವೇ?
— ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ಸಾಲದು. ಅಡುಗೆಮನೆ, ಧ್ವಜಾರೋಹಣ, ಸರ್ವಧರ್ಮ ಪ್ರಾರ್ಥನೆ, ಶಿಬಿರಾಗ್ನಿ ಒಟ್ಟಿಗೆ ನಡೆಯಬಹುದು. ಗೈಡ್ ವಿಭಾಗದ ಕೋರ್ಸಿಗೆ ಮಹಿಳಾ ತರಬೇತುದಾರರದೇ ತಂಡ, ಅವರದೇ ನಾಯಕಿ ಇರಬೇಕು. ಪ್ರತ್ಯೇಕ ವಸತಿ ಮತ್ತು ಶೌಚಾಲಯದ ಏರ್ಪಾಡನ್ನು ಅವರ ತಂಡವೇ ಮೊದಲು ಬಂದು ನೋಡಿ ಒಪ್ಪಬೇಕು.

ಒಟ್ಟಿಗೆ ನಡೆಸಲೇಬೇಕೆಂದು ನಾನು ಹೇಳುವ ಅವಧಿ ಮಕ್ಕಳ ಸುರಕ್ಷತೆಯದು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಅಥವಾ ನಡೆಯಬಹುದೆಂಬ ಆತಂಕ ಇರುವವರು ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಇಲ್ಲವೇ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೇ ಕಲಮಿನಡಿ ಶಿಕ್ಷಾರ್ಹ. ಮಕ್ಕಳೊಂದಿಗೆ ರಾತ್ರಿ ಶಿಬಿರ ಮಾಡಲಿರುವ ಪ್ರತಿ ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್‌ಗೂ ಇದು ಗೊತ್ತಿರಬೇಕು. ಈ ಅವಧಿಯನ್ನು ನಿಮ್ಮ ತಂಡದವರೇ ತೆಗೆದುಕೊಳ್ಳುವುದಕ್ಕಿಂತ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಈಗಲೇ ಪತ್ರ ಬರೆದು, ಅಲ್ಲಿಂದ ಬಲ್ಲವರೊಬ್ಬರನ್ನು ಕರೆಸಿಕೊಳ್ಳಿ. ಅವಧಿಯನ್ನು ಶಿಬಿರದ ಎರಡನೆಯ ದಿನಕ್ಕೆ ಇಟ್ಟುಕೊಂಡರೆ, ಆ ಬಳಿಕ ಏಳುವ ಅನುಮಾನಗಳನ್ನು ಕೇಳಲು ಶಿಬಿರಾರ್ಥಿಗಳಿಗೆ ಇನ್ನೂ ಐದು ದಿನ ಸಿಗುತ್ತದೆ.