ರಿಸರ್ವ್ ಬ್ಯಾಂಕಿನ ಗವರ್ನರ್ ಕುರ್ಚಿಗೆ ಯಾರು, ಯಾವ ದಾರಿಯಿಂದ ಬರುತ್ತಾರೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ರಿಸರ್ವ್ ಬ್ಯಾಂಕನ್ನು ನಡೆಸುವವರು ಯಾರು, ಅಲ್ಲಿಗೆ ಬರುವ ಮೊದಲು ಏನು ಮಾಡಿದ್ದರು ಅನ್ನುವುದು. ಅದಕ್ಕೇ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಬ್ಯಾಡಗಿಯಲ್ಲಿ ಒಣ ಮೆಣಸಿನಕಾಯಿ ವ್ಯಾಪಾರ ನನ್ನದು. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಮಾಲಿನ ಮೇಲೆ ಸಾಲ ತೆಗೆದಿದ್ದೇನೆ. ಬಡ್ಡಿ ಏರಿಸೋದು, ಇಳಿಸೋದು ರಿಸರ್ವ್ ಬ್ಯಾಂಕ್ ಕೈಯಲ್ಲಿದೆ ಅಂತಾರೆ. ಆದರೆ ಈಗಿನ ಗವರ್ನರ್ ಐಎಎಸ್‌ನವರು, ಹಿಂದಿನವರು ಇತಿಹಾಸ ಓದಿದವರು. ಇಂಥವರಿಗೆ ದುಡ್ಡಿನ ವ್ಯವಹಾರ ತಿಳಿಯುತ್ತದೆಯಾ ಸರ್? ಇಂಥದ್ದೇ ಓದಿರಬೇಕು ಅಂತ ಕಾಯಿದೆ ಇಲ್ಲವಾ?
— ಬ್ಯಾಡಗಿಯ ವರ್ತಕರು

ಇಲ್ಲ. 1934ರ ರಿಸರ್ವ್ ಬ್ಯಾಂಕ್ ಕಾಯಿದೆಯಲ್ಲಿ ಗವರ್ನರ್ ಇಷ್ಟು ಓದಿರಬೇಕು, ಇಂಥ ವಿಷಯ ಓದಿರಬೇಕು ಅಂತ ಎಲ್ಲೂ ಬರೆದಿಲ್ಲ. ಯಾರು ಆಗಬಾರದು ಅನ್ನುವುದು ಮಾತ್ರ ಇದೆ. ದಿವಾಳಿಯಾದವರು ಆಗುವಂತಿಲ್ಲ. ಸಂಸದರೋ ಶಾಸಕರೋ ಆಗಿದ್ದರೆ ಎರಡು ತಿಂಗಳೊಳಗೆ ಆ ಸ್ಥಾನ ಬಿಡಬೇಕು. ನೇಮಿಸುವುದು ಕೇಂದ್ರ ಸರ್ಕಾರ. ಒಂದು ಸಲಕ್ಕೆ ಹೆಚ್ಚೆಂದರೆ ಐದು ವರ್ಷ, ಬೇಕಾದರೆ ಮತ್ತೆ ನೇಮಿಸಬಹುದು.

ನಿಮ್ಮ ಅನುಮಾನ ತಪ್ಪಲ್ಲ, ಬಹಳ ಜನರಿಗೆ ಇದೆ. ಆದರೆ ಗವರ್ನರ್ ಕಾಲೇಜಿನಲ್ಲಿ ಏನು ಓದಿದರು ಅನ್ನುವುದಕ್ಕಿಂತ, ಈ ಕುರ್ಚಿಗೆ ಬರುವ ಮೊದಲಿನ ಹತ್ತು-ಹದಿನೈದು ವರ್ಷ ಯಾವ ಕೆಲಸ ಮಾಡಿದರು ಅನ್ನುವುದನ್ನು ನೋಡಬೇಕು ಅಂತ ನನಗೆ ಅನಿಸುತ್ತದೆ. ಶಕ್ತಿಕಾಂತ ದಾಸ್ ಅವರು ಇತಿಹಾಸದಲ್ಲಿ ಎಂ.ಎ. ಮಾಡಿದವರು, ನಿಜ. ಆದರೆ ಅವರು ಕೇಂದ್ರ ಹಣಕಾಸು ಸಚಿವಾಲಯದಲ್ಲಿ ಕಂದಾಯ ಕಾರ್ಯದರ್ಶಿಯಾಗಿದ್ದರು, ಆಮೇಲೆ ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿಯಾದರು, 15ನೇ ಹಣಕಾಸು ಆಯೋಗದ ಸದಸ್ಯರೂ ಆಗಿದ್ದರು. 2018ರ ಡಿಸೆಂಬರ್‌ನಲ್ಲಿ ಗವರ್ನರ್ ಆದಾಗ ಸರ್ಕಾರದ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅನ್ನುವುದು ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಯ ಇತ್ತು. ಅವರ ನಂತರ 2024ರ ಡಿಸೆಂಬರ್‌ನಲ್ಲಿ ಬಂದ ಸಂಜಯ್ ಮಲ್ಹೋತ್ರಾ ಕಾನ್ಪುರ ಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು, 1990ರ ತಂಡದ ರಾಜಸ್ಥಾನ ಕೇಡರ್ ಐಎಎಸ್. ಅವರೂ ಬ್ಯಾಂಕುಗಳನ್ನು ನೋಡಿಕೊಳ್ಳುವ ಹಣಕಾಸು ಸೇವೆಗಳ ಇಲಾಖೆ, ಆಮೇಲೆ ಕಂದಾಯ ಇಲಾಖೆ ದಾಟಿಯೇ ಬಂದವರು.

ಇನ್ನೊಂದು ಮಾತು. 'ಐಎಎಸ್‌ನವರು' ಬೇರೆ, 'ಅರ್ಥಶಾಸ್ತ್ರಜ್ಞರು' ಬೇರೆ ಅಂತ ಎರಡು ಗುಂಪು ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ. ಹಿಂದೆ ಗವರ್ನರ್ ಆಗಿದ್ದ ವೈ.ವಿ. ರೆಡ್ಡಿ ಐಎಎಸ್, ಜೊತೆಗೆ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. 2008ರ ಜಾಗತಿಕ ಕುಸಿತಕ್ಕೆ ಮೊದಲೇ, ಜಮೀನು-ಕಟ್ಟಡಗಳ ಮೇಲೆ ಬ್ಯಾಂಕುಗಳು ಕಣ್ಣುಮುಚ್ಚಿ ಸಾಲ ಕೊಡದಂತೆ ಬಿಗಿ ಮಾಡಿದರು. ಆಗ ಬೈದವರು ಬಹಳ ಜನ. ಮುಂದೆ ಅದೇ ಬಿಗಿ ನಮ್ಮ ಬ್ಯಾಂಕುಗಳನ್ನು ಕಾಪಾಡಿತು. ಅವರ ನಂತರದ ಡಿ. ಸುಬ್ಬರಾವ್ ಕಾನ್ಪುರ ಐಐಟಿಯಲ್ಲಿ ಭೌತಶಾಸ್ತ್ರ ಓದಿದವರು, ಐಎಎಸ್ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರು, ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಸಹ ಇತ್ತು. ಅವರು ಅಧಿಕಾರ ವಹಿಸಿಕೊಂಡದ್ದು 2008ರ ಸೆಪ್ಟೆಂಬರ್ 5ಕ್ಕೆ. ಅಮೆರಿಕದ ದೊಡ್ಡ ಬ್ಯಾಂಕು ಲೇಮನ್ ಬ್ರದರ್ಸ್ ಮುಳುಗಿದ್ದು ಸೆಪ್ಟೆಂಬರ್ 15ಕ್ಕೆ. ಕುರ್ಚಿಯಲ್ಲಿ ಕೂತು ಹತ್ತೇ ದಿನ! ಆ ಅಕ್ಟೋಬರ್‌ನಲ್ಲಿ ಶೇ 9 ಇದ್ದ ರೆಪೊ ದರವನ್ನು, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಮುಂದಿನ ಏಪ್ರಿಲ್ ಹೊತ್ತಿಗೆ ಶೇ 4.75ಕ್ಕೆ ಇಳಿಸಲಾಯಿತು. ಅಂಥ ಹೊತ್ತಿನಲ್ಲಿ ಪದವಿ ಪ್ರಮಾಣಪತ್ರ ಕೆಲಸಕ್ಕೆ ಬರುವುದಿಲ್ಲ. ತಲೆ ತಣ್ಣಗಿಟ್ಟುಕೊಂಡು, ಗೊತ್ತಿದ್ದವರ ಮಾತು ಕೇಳಿ, ಬೇಗ ನಿರ್ಧಾರ ಮಾಡುವ ರೂಢಿ ಬೇಕು.

1991ರಲ್ಲೂ ಹಾಗೇ ಆಯಿತು. ವಿದೇಶಿ ವಿನಿಮಯ ಬರಿದಾಗುತ್ತ ಬಂದಾಗ ಗವರ್ನರ್ ಆಗಿದ್ದವರು ಎಸ್. ವೆಂಕಿಟರಮಣನ್, ಐಎಎಸ್. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ, ಅಡವಿಟ್ಟು ಸಾಲ ತರಬೇಕಾಯಿತು. ದೇಶ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹಾಗಂತ ಪಂಡಿತರು ಬೇಡ ಅನ್ನುತ್ತಿಲ್ಲ. ಅವರ ನಂತರ ಬಂದ ಸಿ. ರಂಗರಾಜನ್ ಪ್ರಾಧ್ಯಾಪಕರಾಗಿದ್ದವರು. ಸರ್ಕಾರ ದುಡ್ಡು ಬೇಕೆಂದಾಗಲೆಲ್ಲ ರಿಸರ್ವ್ ಬ್ಯಾಂಕಿನಿಂದ ತಾನಾಗಿಯೇ ಪಡೆಯುತ್ತಿದ್ದ ಪದ್ಧತಿ ಅವರ ಕಾಲದಲ್ಲಿ, 1997ರಲ್ಲಿ, ನಿಂತಿತು. ಆ ಕೆಲಸಕ್ಕೆ ವಿಷಯದ ಆಳ ಗೊತ್ತಿದ್ದವರೇ ಬೇಕಿತ್ತು. ಹೊರದೇಶಗಳಲ್ಲೂ ಎಲ್ಲಾ ತರದವರೂ ಇದ್ದಾರೆ. ಅಮೆರಿಕದಲ್ಲಿ 2018ರಲ್ಲಿ ಫೆಡರಲ್ ರಿಸರ್ವ್ ಅಧ್ಯಕ್ಷರಾದ ಜೆರೋಮ್ ಪೊವೆಲ್ ಕಾನೂನು ಓದಿದವರು. 2019ರಲ್ಲಿ ಯುರೋಪಿನ ಕೇಂದ್ರ ಬ್ಯಾಂಕಿಗೆ ಬಂದ ಕ್ರಿಸ್ಟೀನ್ ಲಗಾರ್ಡ್ ವಕೀಲರಾಗಿದ್ದವರು.

ಇನ್ನು ನಿಮ್ಮ ಬಡ್ಡಿಯ ವಿಷಯ. 2016ರಿಂದ ರೆಪೊ ದರವನ್ನು ಗವರ್ನರ್ ಒಬ್ಬರೇ ನಿರ್ಧರಿಸುವುದಿಲ್ಲ. ಆರು ಜನರ ಹಣಕಾಸು ನೀತಿ ಸಮಿತಿ ಇದೆ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದ ಹೊರಗಿನವರು. ಮತ ಮೂರು-ಮೂರು ಆದರೆ ಮಾತ್ರ ಗವರ್ನರ್ ಇನ್ನೊಂದು ಮತ ಹಾಕುತ್ತಾರೆ. ಬೆಲೆ ಏರಿಕೆಯನ್ನು ಶೇ 4ರ ಆಸುಪಾಸಿನಲ್ಲಿ, ಅಂದರೆ 2ರಿಂದ 6ರ ಒಳಗೆ, ಇಡಬೇಕು ಅನ್ನುವ ಗುರಿಯೂ ಅವರಿಗೆ ಇದೆ. 2025ರ ಫೆಬ್ರುವರಿಯಲ್ಲಿ ದರ ಶೇ 6.5ರಿಂದ 6.25ಕ್ಕೆ ಇಳಿದದ್ದು ಹೊಸ ಗವರ್ನರ್ ಬಂದದ್ದರಿಂದಲೇ ಅಂತ ನಮ್ಮಲ್ಲಿ ಮಾತಾಡಿಕೊಂಡರು. ಅಷ್ಟು ಸರಳ ಅಲ್ಲ. ನಿಮ್ಮ ಸಾಲ ವಾಣಿಜ್ಯ ಬ್ಯಾಂಕಿನದ್ದಾ, ಸಹಕಾರಿ ಬ್ಯಾಂಕಿನದ್ದಾ ಅಂತ ಮೊದಲು ನೋಡಿ. ಸಣ್ಣ ಉದ್ಯಮಕ್ಕೆ ವಾಣಿಜ್ಯ ಬ್ಯಾಂಕು ಬದಲಾಗುವ ಬಡ್ಡಿಗೆ ಸಾಲ ಕೊಟ್ಟರೆ, ಆ ಬಡ್ಡಿಯನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕು ಅಂತ 2019ರಲ್ಲಿ ನಿಯಮ ಬಂತು. ಸಹಕಾರಿ ಬ್ಯಾಂಕಿಗೆ ಆ ನಿಯಮ ಇಲ್ಲ. ಅಲ್ಲಿ ಮುಂಬೈನ ಇಳಿಕೆ ನಿಮ್ಮ ಖಾತೆಗೆ ತಾನಾಗಿ ಬರುವುದಿಲ್ಲ, ನೀವೇ ಹೋಗಿ ಕೇಳಬೇಕು.

ಪ್ರಶ್ನೆ: ಸರ್, ನಾನು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬಿ.ಕಾಂ. ಆಗಿದೆ, ಪಿಯುಸಿ ತನಕ ಕನ್ನಡ ಮಾಧ್ಯಮ. ರಿಸರ್ವ್ ಬ್ಯಾಂಕಿಗೆ ಒಳಗಿನಿಂದ ಸೇರಿ ದೊಡ್ಡ ಹುದ್ದೆ ತನಕ ಹೋದವರು ಇದ್ದಾರಾ? ಅಥವಾ ಮೇಲಿನ ಹುದ್ದೆಗಳೆಲ್ಲ ಹೊರಗಿನವರಿಗೇನಾ?
— ಧಾರವಾಡದ ಯುವತಿ

ಇದ್ದಾರಮ್ಮ, ಖಂಡಿತ ಇದ್ದಾರೆ. ಆದರೆ ಎಲ್ಲಿಯ ತನಕ ಅನ್ನುವುದನ್ನು ನೇರವಾಗಿ ಹೇಳುತ್ತೇನೆ. ರಿಸರ್ವ್ ಬ್ಯಾಂಕಿನ ನೌಕರಿಯಿಂದಲೇ ಮೇಲೇರಿ ಗವರ್ನರ್ ಆದವರು ಎಂ. ನರಸಿಂಹಂ ಒಬ್ಬರೇ. ಅದೂ 1977ರಲ್ಲಿ, ಕೆಲವೇ ತಿಂಗಳು. ಅಷ್ಟು ದೊಡ್ಡ ಸಂಸ್ಥೆ ತನ್ನ ಒಳಗಿನವರಿಗೆ ಆ ಕುರ್ಚಿಯನ್ನು ಇಷ್ಟು ಅಪರೂಪಕ್ಕೆ ಕೊಟ್ಟಿರುವುದು ನನಗೆ ಸರಿ ಕಾಣುವುದಿಲ್ಲ.

ಡೆಪ್ಯುಟಿ ಗವರ್ನರ್ ಹುದ್ದೆಯ ಕಥೆ ಬೇರೆ. ಒಟ್ಟು ನಾಲ್ವರು. ರೂಢಿ ಏನೆಂದರೆ ಇಬ್ಬರು ಒಳಗಿನವರು, ಒಬ್ಬರು ವಾಣಿಜ್ಯ ಬ್ಯಾಂಕಿನಿಂದ, ಒಬ್ಬರು ಅರ್ಥಶಾಸ್ತ್ರಜ್ಞರು. 2023ರಲ್ಲಿ ಬಂದ ಸ್ವಾಮಿನಾಥನ್ ಜೆ. ಸ್ಟೇಟ್ ಬ್ಯಾಂಕಿನವರು. 2025ರಲ್ಲಿ ಬಂದ ಪೂನಂ ಗುಪ್ತಾ ಅರ್ಥಶಾಸ್ತ್ರಜ್ಞೆ. ಒಳಗಿನಿಂದ ಬಂದವರಲ್ಲಿ ಮೈಕೆಲ್ ಪಾತ್ರ ಅವರನ್ನು ನೆನಪಿಡಿ. 1985ರಲ್ಲಿ ಸೇರಿದರು, 2020ರಲ್ಲಿ ಡೆಪ್ಯುಟಿ ಗವರ್ನರ್ ಆದರು. ಮೂವತ್ತೈದು ವರ್ಷದ ದಾರಿ ಅದು. ಹೆಣ್ಣುಮಕ್ಕಳಲ್ಲಿ ಕೆ.ಜೆ. ಉದೇಶಿ 2003ರಲ್ಲಿ ಮೊದಲಿಗರಾದರು. ಆಮೇಲೆ ಉಷಾ ಥೋರಾಟ್, ಶ್ಯಾಮಲಾ ಗೋಪಿನಾಥ್ ಬಂದರು. ಇವರೆಲ್ಲ ಒಳಗಿನಿಂದಲೇ ಬೆಳೆದವರು. ಶ್ಯಾಮಲಾ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕಾಮರ್ಸ್ ಓದಿದವರು. ಬಿ.ಕಾಂ. ಮಾಡಿದ ನಿಮಗೆ ಇದು ಗೊತ್ತಿರಲಿ ಅಂತ ಹೇಳಿದೆ.

ನಿಮಗೆ ತೆರೆದಿರುವ ಬಾಗಿಲು ಗ್ರೇಡ್ ಬಿ ಪರೀಕ್ಷೆ, ಅಂದರೆ ರಿಸರ್ವ್ ಬ್ಯಾಂಕಿಗೆ ಅಧಿಕಾರಿಗಳನ್ನು ಆರಿಸುವ ಪರೀಕ್ಷೆ. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 60 ಅಂಕ ಬೇಕು, ವಯಸ್ಸು 21ರಿಂದ 30. ಮೀಸಲಾತಿಯ ಸಡಿಲಿಕೆಯನ್ನು ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಮೊದಲ ಹಂತ ದಾಟಿದ ಮೇಲೆ ಎರಡನೆಯದರಲ್ಲಿ ಆರ್ಥಿಕ-ಸಾಮಾಜಿಕ ವಿಷಯ, ಹಣಕಾಸು-ನಿರ್ವಹಣೆ, ಇಂಗ್ಲಿಷ್ ಬರವಣಿಗೆ ಇರುತ್ತವೆ. ಕೊನೆಗೆ ಸಂದರ್ಶನ. ಸೇರುವಾಗ ಮ್ಯಾನೇಜರ್ ದರ್ಜೆ. ಅಲ್ಲಿಂದ ಎಜಿಎಂ, ಡಿಜಿಎಂ, ಜಿಎಂ, ಚೀಫ್ ಜನರಲ್ ಮ್ಯಾನೇಜರ್, ಎಕ್ಸಿಕ್ಯುಟಿವ್ ಡೈರೆಕ್ಟರ್, ಆಮೇಲೆ ಡೆಪ್ಯುಟಿ ಗವರ್ನರ್. ಇಡೀ ಏಣಿ ಅಷ್ಟೇ.

ನಿಮಗೆ ಅಡ್ಡ ಬರುವುದು ಭಾಷೆ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಜಾಣ ಮಕ್ಕಳು ಇದೊಂದೇ ಕಾರಣಕ್ಕೆ ಅರ್ಜಿ ಹಾಕುವುದಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಬದಲಾಗಬೇಕು. ಆದರೆ ಬದಲಾಗುವ ತನಕ ನೀವು ಕಾಯಬೇಡಿ. ಇಂಗ್ಲಿಷ್ ಬರವಣಿಗೆಗೆ ದಿನಾ ಕೂತು ಒಂದು ಪುಟ ಬರೆಯಿರಿ, ಗೊತ್ತಿದ್ದವರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಗೈಡ್ ಪುಸ್ತಕ ಬಾಯಿಪಾಠ ಮಾಡುವುದಕ್ಕಿಂತ, ಪ್ರತಿ ನೀತಿ ಸಭೆಯ ನಂತರ ಗವರ್ನರ್ ಓದುವ ಹೇಳಿಕೆಯನ್ನು ರಿಸರ್ವ್ ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಪೂರ್ತಿ ಓದಿ. ಹದಿನಾಲ್ಕು ದಿನಕ್ಕೆ ಸಭೆಯ ನಡಾವಳಿ ಬರುತ್ತದೆ. ಯಾವ ಸದಸ್ಯರು ಯಾವ ಕಡೆ ಮತ ಹಾಕಿದರು, ಯಾಕೆ ಹಾಕಿದರು ಅಂತ ಅದರಲ್ಲಿ ಅವರವರ ಮಾತಿನಲ್ಲೇ ಇರುತ್ತದೆ. ಅದಕ್ಕಿಂತ ಒಳ್ಳೆಯ ಪಾಠ ಯಾವ ಕೋಚಿಂಗ್ ಕ್ಲಾಸಿನಲ್ಲೂ ಸಿಗುವುದಿಲ್ಲ.

ಅಸಿಸ್ಟೆಂಟ್ ಹುದ್ದೆಯ ಪರೀಕ್ಷೆಯನ್ನೂ ಬಿಡಬೇಡಿ. ಅದರಲ್ಲಿ ಸ್ಥಳೀಯ ಭಾಷೆಯ ಪರೀಕ್ಷೆ ಇದೆ. ಬೆಂಗಳೂರು ಕಚೇರಿಗೆ ಅರ್ಜಿ ಹಾಕಿದರೆ ನಿಮ್ಮ ಕನ್ನಡ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಕನ್ನಡ ನಾಡಿನವರೊಬ್ಬರು ಹಿಂದೆ ಗವರ್ನರ್ ಆಗಿದ್ದು, ಮಂತ್ರಿಗಳ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟರು ಅಂತ ಕೇಳಿದ ನೆನಪು. ನಿಜವೇ? ಗವರ್ನರ್ ಸರ್ಕಾರದ ಮಾತು ಕೇಳಲೇಬೇಕೇ?
— ಗದಗದ ನಿವೃತ್ತ ಶಿಕ್ಷಕರು

ನಿಜ, ಮೇಷ್ಟ್ರೇ. ಅವರು ಬೆನೆಗಲ್ ರಾಮರಾವ್. ಮಂಗಳೂರು ಮೂಲದ ಮನೆತನ. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಇವರ ಅಣ್ಣ. ನಮ್ಮ ಕಡೆಯ ನಂಟೂ ಇದೆ. ಅವರ ಪತ್ನಿ ಧನವಂತಿ ರಾಮರಾವ್ ಹುಬ್ಬಳ್ಳಿಯಲ್ಲಿ ಬೆಳೆದ ಕಾಶ್ಮೀರಿ ಪಂಡಿತರ ಮನೆಯ ಹೆಣ್ಣುಮಗಳು. ಭಾರತದ ಕುಟುಂಬ ಯೋಜನಾ ಸಂಘವನ್ನು ಕಟ್ಟಿದವರು ಅವರೇ.

ರಾಮರಾವ್ ಐಸಿಎಸ್ ಅಧಿಕಾರಿ, ಬ್ರಿಟಿಷರ ಕಾಲದ ಐಎಎಸ್ ಅನ್ನಿ. ಬಾಂಬೆ ಪೋರ್ಟ್ ಟ್ರಸ್ಟ್ ನಡೆಸಿದ್ದರು, ಅಮೆರಿಕದಲ್ಲಿ ರಾಯಭಾರಿಯಾಗಿದ್ದರು. 1949ರಲ್ಲಿ ಗವರ್ನರ್ ಆಗಿ ಏಳೂವರೆ ವರ್ಷ ಇದ್ದರು. ಅಷ್ಟು ದೀರ್ಘ ಕಾಲ ಆ ಕುರ್ಚಿಯಲ್ಲಿ ಕೂತವರು ಬೇರೆ ಯಾರೂ ಇಲ್ಲ. ಅವರ ಅವಧಿಯ ಕೊನೆಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ. 1956ರ ಕೊನೆಗೆ ಅವರು ವ್ಯಾಪಾರದ ಹುಂಡಿ, ಬಿಲ್ಲುಗಳ ಮೇಲಿನ ಸ್ಟಾಂಪ್ ಶುಲ್ಕ ಏರಿಸಿದರು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಸಾಲ ತರುತ್ತಿದ್ದದ್ದು ಆ ಬಿಲ್ಲುಗಳ ಮೇಲೇ. ಹಾಗಾಗಿ ಶುಲ್ಕ ಏರಿಸಿದ್ದು ಅಂದರೆ ಬಡ್ಡಿ ದರವನ್ನೇ ಏರಿಸಿದ ಹಾಗೆ ಆಯಿತು. ಬಡ್ಡಿ ದರ ರಿಸರ್ವ್ ಬ್ಯಾಂಕಿನ ಕೆಲಸ, ಬಜೆಟ್ ಮೂಲಕ ಅದನ್ನು ಮಾಡಬಾರದು ಅಂತ ರಾಮರಾವ್ ವಾದ. ರಿಸರ್ವ್ ಬ್ಯಾಂಕು ತಮ್ಮ ಸಚಿವಾಲಯದ ಒಂದು ವಿಭಾಗ ಅಂತ ಮಂತ್ರಿಗಳ ವಾದ. ನೆಹರೂ ಮಂತ್ರಿಗಳ ಪರ ನಿಂತರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟು ಹೋದರು.

ಸರ್ಕಾರಿ ಸೇವೆಯಲ್ಲೇ ಬೆಳೆದ ಅಧಿಕಾರಿ ಅಂದರೆ ಸರ್ಕಾರಕ್ಕೆ ತಲೆಯಾಡಿಸುತ್ತಾರೆ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ, ಅಲ್ವಾ? ರಾಮರಾವ್ ತಲೆಯಾಡಿಸಲಿಲ್ಲ. ಸಂಸ್ಥೆಯ ಗೌರವಕ್ಕೆ ಪೆಟ್ಟು ಬಿದ್ದಾಗ ಎದ್ದು ಹೊರಟರು. ಗವರ್ನರುಗಳಲ್ಲಿ ನಾನು ತುಂಬ ಗೌರವಿಸುವ ಹೆಸರು ಅದು.

ಕಾಯಿದೆ ಏನನ್ನುತ್ತದೆ ಅಂದರೆ, 7ನೇ ಕಲಂ ಪ್ರಕಾರ ಸರ್ಕಾರ ಗವರ್ನರ್ ಜೊತೆ ಸಮಾಲೋಚಿಸಿ, ಸಾರ್ವಜನಿಕ ಹಿತಕ್ಕೆ ಬೇಕು ಅನಿಸಿದ ನಿರ್ದೇಶನ ಕೊಡಬಹುದು. 2018ರಲ್ಲಿ ಈ ಕಲಂ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಆ ವರ್ಷದ ಡಿಸೆಂಬರ್ 10ಕ್ಕೆ ಆಗಿನ ಗವರ್ನರ್ ಊರ್ಜಿತ್ ಪಟೇಲ್ ರಾಜೀನಾಮೆ ಕೊಟ್ಟರು. ಅವರು ಹೇಳಿದ್ದು ವೈಯಕ್ತಿಕ ಕಾರಣ ಅಂತ. ಊರ್ಜಿತ್ ಅರ್ಥಶಾಸ್ತ್ರಜ್ಞರು, ರಾಮರಾವ್ ಐಸಿಎಸ್. ಬಂದ ದಾರಿ ಬೇರೆ ಬೇರೆ, ಇಬ್ಬರೂ ರಾಜೀನಾಮೆ ಕೊಟ್ಟೇ ಹೋದರು.

ಪ್ರಶ್ನೆ: ಹಳೇ ನೋಟು ಕೂಡಿಡುವ ಹವ್ಯಾಸ ನನಗೆ. ಮನಮೋಹನ್ ಸಿಂಗ್ ಅವರ ಸಹಿ ಒಂದು ರೂಪಾಯಿ ನೋಟಿನ ಮೇಲೂ ಇದೆ, ನೂರರ ನೋಟಿನ ಮೇಲೂ ಇದೆ. ಗವರ್ನರ್ ಒಂದು ರೂಪಾಯಿ ನೋಟಿಗೆ ಸಹಿ ಮಾಡುವುದಿಲ್ಲ ಅಂತಾರಲ್ಲ? ನನ್ನದು ಖೋಟಾ ನೋಟಾ?
— ಹಳೇ ಹುಬ್ಬಳ್ಳಿಯ ಓದುಗರು

ಎರಡು ಕಡೆ ಸಹಿ ಇದೆ ಅನ್ನುವ ಕಾರಣಕ್ಕೆ ಖೋಟಾ ಅಂತ ಹೆದರಬೇಡಿ. ಒಂದು ರೂಪಾಯಿ ನೋಟನ್ನು ಹೊರಡಿಸುವುದು ರಿಸರ್ವ್ ಬ್ಯಾಂಕ್ ಅಲ್ಲ, ಭಾರತ ಸರ್ಕಾರ. ಅದಕ್ಕೆ ಹಣಕಾಸು ಸಚಿವಾಲಯದ ಕಾರ್ಯದರ್ಶಿ ಸಹಿ ಹಾಕುತ್ತಾರೆ. ಮನಮೋಹನ್ ಸಿಂಗ್ 1970ರ ದಶಕದ ಕೊನೆಗೆ ಅಲ್ಲಿ ಕಾರ್ಯದರ್ಶಿ, 1982ರಿಂದ 1985ರ ತನಕ ಗವರ್ನರ್. ಎರಡೂ ನೋಟನ್ನು ಪಕ್ಕಪಕ್ಕ ಇಟ್ಟು ನೋಡಿ. ನೂರರ ನೋಟಿನಲ್ಲಿ ಸಹಿಯ ಮೇಲೆ 'ಇಷ್ಟು ರೂಪಾಯಿ ಕೊಡುತ್ತೇನೆ' ಅನ್ನುವ ಮಾತು ಇರುತ್ತದೆ, ಕೆಳಗೆ ಗವರ್ನರ್ ಅಂತ ಇರುತ್ತದೆ. ಒಂದು ರೂಪಾಯಿಯಲ್ಲಿ ಆ ಮಾತೇ ಇರುವುದಿಲ್ಲ.

2017ರ ಒಂದು ರೂಪಾಯಿ ನೋಟು ಸಿಕ್ಕರೆ ಅದನ್ನೂ ತೆಗೆದಿಡಿ. ಅದರಲ್ಲಿ ಶಕ್ತಿಕಾಂತ ದಾಸ್ ಅವರ ಸಹಿ ಇದೆ, ಕಾರ್ಯದರ್ಶಿಯಾಗಿ. ಅದೇ ಸಹಿ ಗವರ್ನರ್ ಹೆಸರಿನಲ್ಲಿ ಐನೂರರ ನೋಟಿನ ಮೇಲೆ ಈಗಲೂ ನಿಮ್ಮ ಜೇಬಿನಲ್ಲಿರಬಹುದು. ಇನ್ನು ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್ ಸಹಿಯ ನೋಟು ಮಾರುತ್ತೇನೆ ಅಂತ ಯಾರಾದರೂ ಬಂದರೆ ಕೊಳ್ಳಬೇಡಿ. ಅವರು 1937ರಲ್ಲೇ ಹುದ್ದೆ ಬಿಟ್ಟರು. ರಿಸರ್ವ್ ಬ್ಯಾಂಕಿನ ಮೊದಲ ನೋಟು ಬಂದದ್ದು 1938ರಲ್ಲಿ, ಎರಡನೇ ಗವರ್ನರ್ ಜೇಮ್ಸ್ ಟೇಲರ್ ಸಹಿಯೊಂದಿಗೆ.