1920ರ ಸೆನ್ಸಸ್‌ನಲ್ಲಿ ಮೇಯರ್ ಅನ್ನೋ ಸರ್‌ನೇಮ್‌ನ ಕುಟುಂಬ ಸಿಗ್ತಿಲ್ಲ ಅಂದವರಿಗೆ

ಅಮೆರಿಕದ 1910, 1930ರ ಸೆನ್ಸಸ್ ಎರಡರಲ್ಲೂ ಮುತ್ತಜ್ಜ ಸಿಕ್ಕಿ ಮಧ್ಯದ 1920ರಲ್ಲಿ ಮಾತ್ರ ಸಿಗ್ತಿಲ್ಲ ಅಂದ್ರಲ್ಲ, ಬಿಡಬೇಡಿ, ಬಹುಶಃ ಅಲ್ಲೇ ಇದಾರೆ. ಆಗ ಸ್ಪೆಲಿಂಗ್ ಮನೆಯವರದ್ದಲ್ಲ, ಬಾಗಿಲಿಗೆ ಬಂದ ಗಣತಿದಾರ ಕೇಳಿಸಿಕೊಂಡು ಬರೆದದ್ದು, ಎಷ್ಟೋ ಸಲ ಪಕ್ಕದ ಮನೆಯವರು ಹೇಳಿದ್ದನ್ನೇ ಬರೆದಿರ್ತಾರೆ.

ಸೌಂಡೆಕ್ಸ್ (ಒಂದೇ ಥರ ಕೇಳಿಸೋ ಸರ್‌ನೇಮ್‌ಗಳನ್ನ ಒಂದೇ ಕೋಡ್‌ಗೆ ಸೇರಿಸೋ ವಿಧಾನ) ಹಾಕಿ ನೋಡಿದೆ ಅಂದ್ರಿ, ಒಳ್ಳೇದು, ಆದ್ರೆ ಅದರ ಮಿತಿ ನೋಡಿ. ಮೇಯರ್, ಮೈಯರ್ ಥರದ್ದೆಲ್ಲ ಎಂ 600 ಅನ್ನೋ ಕೋಡ್‌ಗೆ ಬರುತ್ತೆ, ಸ್ವರಗಳನ್ನ ಅದು ಲೆಕ್ಕಕ್ಕೇ ತಗೊಳಲ್ಲ. ಕೊನೆಗೆ ಒಂದು ಎಸ್ ಸೇರಿ ಮೇಯರ್ಸ್ ಆದ್ರೆ ಸಾಕು, ಎಂ 620, ಬೇರೆ ಗುಂಪು! ಮೊದಲ ಅಕ್ಷರ ತಪ್ಪಿದ್ರಂತೂ ಮುಗೀತು, ಹಳೇ ಕೈಬರಹದಲ್ಲಿ ದೊಡ್ಡ ಎಂ ಅನ್ನ ಡಬ್ಲ್ಯೂ ಅಂತ ಓದಿ ಇಂಡೆಕ್ಸ್ ಮಾಡಿದ್ರೆ ವೇಯರ್ ಆಗಿ ಕೂತಿರುತ್ತೆ, ನೀವು ಎಂನಲ್ಲಿ ಎಷ್ಟು ಹುಡುಕಿದ್ರೂ ಬರಲ್ಲ.

ನಾನಾದ್ರೆ ಹುಡುಕುವಾಗ ಸರ್‌ನೇಮ್ ಜಾಗನೇ ಖಾಲಿ ಬಿಡ್ತೀನಿ. ಹೆಸರು, ಹುಟ್ಟಿದ ವರ್ಷ (ಎರಡು ವರ್ಷ ಹಿಂದೆ ಮುಂದೆ), ಹುಟ್ಟಿದ ಜಾಗ, ಕೌಂಟಿ (ನಮ್ಮ ಜಿಲ್ಲೆ ಥರ) ಅಷ್ಟೇ. ಮಕ್ಕಳಲ್ಲಿ ಅಪರೂಪದ ಹೆಸರು ಇರೋರು ಯಾರಾದ್ರೂ ಇದ್ರೆ ಮೊದಲು ಅವರನ್ನೇ ಹುಡುಕಿ, ಇದು ನಿಜವಾಗ್ಲೂ ಕೆಲಸ ಮಾಡುತ್ತೆ. ಆಗ್ಲೂ ಆಗ್ಲಿಲ್ಲ ಅಂದ್ರೆ 1910ರ ಪುಟದಲ್ಲಿ ಅಕ್ಕಪಕ್ಕದ ಮನೆಯವರ ಹೆಸರು ಬರ್ಕೊಂಡು 1920ರಲ್ಲಿ ಅವರನ್ನ ಹಿಡೀರಿ, ಆಮೇಲೆ ಆ ಬೀದಿಯ ಪುಟಗಳನ್ನ ಒಂದೊಂದಾಗಿ ಕಣ್ಣಲ್ಲೇ ಓದಿ. ಸಿಕ್ಕಿದ್ರೆ ಯಾವ ಸ್ಪೆಲಿಂಗ್‌ನಲ್ಲಿತ್ತು ಅಂತ ಇಲ್ಲಿ ಹೇಳಿ ಪ್ಲೀಸ್.